ಹೊರಗಿನ ಮೆಷಿನ್, ಒಳಗಿನ ಮೆಷಿನ್

ತೂಕ ಇಳಿಸುವ ಆ ಕೇಂದ್ರದಲ್ಲಿ ತೂಕ ನೋಡುವ ಮೆಷಿನ್‌ಗಳು ಎರಡಿದ್ದವು. ಒಂದು ಹೊರಗೆ, ಗಾಜಿನ ಬಾಗಿಲು ದಾಟಿದ ಕೂಡಲೇ, ಹೊಸಬರ ಫೋಟೊ ತೆಗೆಯುವ ಜಾಗದಲ್ಲಿ. ಇನ್ನೊಂದು ಒಳಗೆ, ಬಟ್ಟೆ ಬದಲಿಸುವ ಓಣಿಯ ಕೊನೆಗೆ, ಹಬೆಕೋಣೆಯ ಪಕ್ಕ. ಹೊರಗಿನದು ಮನುಷ್ಯರನ್ನು ಇದ್ದದ್ದಕ್ಕಿಂತ ಒಂದಿಷ್ಟು ಹೆಚ್ಚು ತೋರಿಸುತ್ತಿತ್ತು. ಒಳಗಿನದು ಸರಿಯಾಗಿ ಒಂದು ಕೆ.ಜಿ. ಕಡಿಮೆ ತೋರಿಸುತ್ತಿತ್ತು. ಅವು ಕೆಟ್ಟುಹೋದ ಮೆಷಿನ್‌ಗಳಲ್ಲ. ಎಲ್ಲರೂ ಮೇಡಂ ಎಂದು ಕರೆಯುವ ಕೇಂದ್ರದ ಒಡತಿಯೇ ಎರಡನ್ನೂ ಹಾಗೆ ಹೊಂದಿಸಿ ಇಟ್ಟಿದ್ದಳು. ಸೇರುವ ದಿನ ಹೊರಗೆ ನಿಲ್ಲಿಸಿ ಹೆದರಿಸಬೇಕು, ಆಮೇಲೆ ವಾರಕ್ಕೊಮ್ಮೆ ಒಳಗೆ ನಿಲ್ಲಿಸಿ ಖುಷಿಪಡಿಸಬೇಕು. ನಡುವಿನ ಹಸಿವು, ಬೆವರು, ರಾತ್ರಿ ನಿದ್ದೆ ಬಾರದೆ ಹೊರಳಾಡುವುದು ಎಲ್ಲ ಗಿರಾಕಿಗಳ ಪಾಲಿನದು. ಇಳಿದ ಮೊದಲ ಕೆ.ಜಿ. ಮಾತ್ರ ಮೇಡಂ ಕೈಚಳಕ.

ಹಬೆಕೋಣೆ ನೋಡಿಕೊಳ್ಳುವವಳನ್ನು ಗಿರಾಕಿಗಳು ಹಬೆಯಕ್ಕ ಎನ್ನುತ್ತಿದ್ದರು. ಮನೆಯಲ್ಲೂ ಅವಳು ಅಕ್ಕನೇ. ಬಾಯ್ಲರಿಗೆ ನೀರು ತುಂಬುವುದು, ಮರದ ಬೆಂಚು ಒರೆಸುವುದು, ಟವೆಲ್ ಕೊಡುವುದು ಅವಳ ಕೆಲಸ. ಅದರ ಜೊತೆಗೆ ಬಾಗಿಲು ತಟ್ಟುವ ಕೆಲಸವೂ ಇತ್ತು. ಒಳಗೆ ಯಾರಾದರೂ ಕೂತಿದ್ದರೆ ಆಗಾಗ ಗಾಜಿನ ಮೇಲೆ ಎರಡು ಸಲ ತಟ್ಟಬೇಕು. ಒಳಗಿನವರು ಎರಡು ಸಲ ತಟ್ಟಿದರೆ ಸರಿ ಇದ್ದಾರೆ ಎಂದರ್ಥ. ತಟ್ಟದಿದ್ದರೆ ಯಾರನ್ನೂ ಕೇಳದೆ ಬಾಗಿಲು ತೆಗೆಯಬೇಕು. ಅಲ್ಲಿ ಅವಳಿಗಿದ್ದ ಅಧಿಕಾರ ಅದೊಂದೇ.

ಮತ್ತೆ ಒಳಗಿನ ಮೆಷಿನ್ ಹತ್ತಿರ ನಿಂತು ಹೇಳುವ ಮಾತು. ಅದನ್ನೂ ಮೇಡಂ ಕಲಿಸಿದ್ದಳು.

"ಬಂತು ನೋಡಿ ಟೀಚರ್, ಇಳಿದಿದೆ. ಮುಖದಲ್ಲೇ ಗೊತ್ತಾಗ್ತಿದೆ."

"ಸುಳ್ಳು ಹೇಳ್ಬೇಡಮ್ಮ ಹಬೆಯಕ್ಕ," ಎನ್ನುತ್ತಿದ್ದಳು ಶಾಲೆಯ ಟೀಚರ್, ಮೆಷಿನ್ ಮೇಲೆ ಉಸಿರು ಬಿಗಿಹಿಡಿದು. ವರ್ಷಗಳಿಂದ ಬರುತ್ತಿದ್ದ ಗಿರಾಕಿ ಅವಳು. "ನಾನು ಗಾಳಿ ಕುಡಿದ್ರೂ ಊದೋ ಜಾತಿ. ನಿನ್ನೆ ಮಕ್ಕಳು ಬಿಸ್ಕತ್ತು ಕೊಟ್ರು. ಬೇಡ ಅಂದ್ರೆ ಬೇಜಾರಾಗ್ತವೆ ಅಂತ ಒಂದೇ ಒಂದು."

"ಒಂದು ಪೊಟ್ಟಣವಾ?"

"ಬಾಯಿ ಜಾಸ್ತಿ ಆಯ್ತು ನಿಂದು," ಎಂದು ಟೀಚರ್ ನಗುತ್ತ ಇಳಿಯುತ್ತಿದ್ದಳು. ಆ ನಗುವಿನ ಮುಂದೆ ಅಕ್ಕನಿಗೆ ಮೊದಮೊದಲು ಸಂಕಟವಾಗುತ್ತಿತ್ತು. ವರ್ಷಗಳು ಕಳೆದಂತೆ ಸಂಕಟ ಹೋಗಿ ಅದರ ಜಾಗದಲ್ಲಿ ಒಂದು ತಿಳಿವಳಿಕೆ ಕೂತಿತು. ಮೆಷಿನ್ ಎಂದರೆ ಯಾರೋ ಹೊಂದಿಸಿದಂತೆ ತೋರಿಸುವ ವಸ್ತು. ಅದರ ಹಿಂದೆ ಯಾರದ್ದಾದರೂ ಕೈ ಇದ್ದೇ ಇರುತ್ತದೆ. ನಿಜವಾದ ತೂಕ ಎಂಬುದೊಂದು ಎಲ್ಲೋ ಇದೆ ಎನ್ನುವುದನ್ನೇ ಅವಳು ಮರೆತುಬಿಟ್ಟಳು.

ಅವಳ ತಂಗಿ ಹುಟ್ಟಿದಾಗಲೇ ಕೈಗೆ ಭಾರವಾಗಿದ್ದಳೆಂದು ಅಮ್ಮ ಗಟ್ಟಿ ಎಂದು ಕರೆದಿದ್ದಳು, ಹೆಸರು ಹಾಗೇ ಉಳಿಯಿತು. ಶಾಲೆಯಲ್ಲಿ ನೀರಿನ ಡ್ರಮ್ಮನ್ನು ಒಬ್ಬಳೇ ಎತ್ತಿ ಕಟ್ಟೆಯ ಮೇಲಿಟ್ಟದ್ದನ್ನು ವ್ಯಾಯಾಮದ ಮೇಷ್ಟ್ರು ನೋಡಿದ್ದೇ ನೆಪ, ಗಟ್ಟಿ ಕ್ರೀಡಾ ಹಾಸ್ಟೆಲ್ ಸೇರಿ ಭಾರ ಎತ್ತುವುದನ್ನು ಕಲಿತಳು. ಸೇರಿದ ವಾರ ಫೋನ್ ಮಾಡಿ ಅವಳು ಹೇಳಿದ್ದು ಪದಕದ ಮಾತಲ್ಲ. "ಅಕ್ಕಾ, ಇಲ್ಲಿ ಎರಡನೇ ಸಲ ಕೇಳಿದ್ರೂ ಬಡಿಸ್ತಾರೆ ಕಣೇ." ಆ ಮಾತು ಕೇಳಿ ಅಮ್ಮ ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ಅತ್ತಿದ್ದಳು. ಮಗಳು ಏನಾದರೂ ಆಗಲಿ, ಅವಳ ಹೊಟ್ಟೆ ತುಂಬುವ ಜಾಗವೊಂದು ಸಿಕ್ಕಿತಲ್ಲ.

ಗಟ್ಟಿ ಬೆಳೆದು ತನ್ನ ಮೈಗಿಂತ ಎರಡು ಪಟ್ಟು ಭಾರವನ್ನು ತಲೆಯ ಮೇಲೆತ್ತಿ ನಿಲ್ಲುವವಳಾದಳು, ಪದಕಗಳನ್ನೂ ಗೆದ್ದಳು. ಅವಳು ಎತ್ತುತ್ತಿದ್ದದ್ದು ಐವತ್ತೈದು ಕೆ.ಜಿ. ತೂಗುವವರ ವರ್ಗದಲ್ಲಿ. ಹೊರದೇಶದ ಪಂದ್ಯಕ್ಕೆ ತಂಡ ಆರಿಸುವ ಸಮಯ ಬಂತು. ಈ ಸಲ ತಂಡದಲ್ಲಿ ಸೇರಿದವರಿಗೆ ಕಾಯಂ ಕೆಲಸ ಎಂದು ಮಾತಾಗಿತ್ತು. ಆಯ್ಕೆಗೆ ಎರಡು ತಿಂಗಳಿರುವಾಗ ಕೋಚ್ ಅವಳನ್ನು ಕರೆದ.

"ಐವತ್ತೈದರಲ್ಲಿ ಜಾಗ ಇಲ್ಲಮ್ಮ. ನಲವತ್ತೊಂಬತ್ತಕ್ಕೆ ಇಳಿ."

"ಸರ್, ಐವತ್ತೈದರಲ್ಲಿ ನನಗಿಂತ ಹೆಚ್ಚು ಎತ್ತೋರು ಯಾರಿದಾರೆ?"

"ಎತ್ತೋ ಮಾತಾ ಇದು? ಅಷ್ಟೂ ಗೊತ್ತಾಗಲ್ವಾ ನಿನಗೆ?"

ಗೊತ್ತಾಗದೆ ಏನು. ಆ ವರ್ಗದಲ್ಲಿ ಭಾರ ಎತ್ತುವವರ ಸಂಘದ ಅಧ್ಯಕ್ಷನ ಅಣ್ಣನ ಮಗಳು ಎತ್ತುತ್ತಿದ್ದಳು. ಅವಳು ಇದ್ದಲ್ಲೇ ಇರಬೇಕು. ಹಾಗಿರಬೇಕಾದರೆ ಇನ್ನೊಬ್ಬಳು ತನ್ನ ಮೈಯನ್ನೇ ಕಡಿದು ಬೇರೆ ಕಡೆ ಜಾಗ ಮಾಡಿಕೊಳ್ಳಬೇಕು. ದೊಡ್ಡವರು ಸರಿದು ಕೂರುವ ರೂಢಿ ಎಲ್ಲಿದೆ? ಕೂತವರ ಪಕ್ಕದಲ್ಲಿ ನಿಂತವರೇ ಸಣ್ಣಗಾಗಬೇಕು. ಗಟ್ಟಿಯ ಮೈ ಐವತ್ತನಾಲ್ಕು ತೂಗುತ್ತಿತ್ತು. ಅದರಲ್ಲಿ ಬೊಜ್ಜೆಂಬುದು ಹುಡುಕಿದರೂ ಇರಲಿಲ್ಲ.

ಮನೆಗೆ ಬಂದವಳ ಮುಂದೆ ಅಮ್ಮ ತಟ್ಟೆ ಇಟ್ಟರೆ, ಗಟ್ಟಿ ಬೇಯಿಸಿದ ಮೊಟ್ಟೆಯ ಬಿಳಿಯನ್ನು ಮಾತ್ರ ತಿಂದು ಹಳದಿಯನ್ನು ಅಕ್ಕನ ಕಡೆ ತಳ್ಳಿದಳು.

"ಎತ್ತೋಕೆ ಶಕ್ತಿ ಬೇಕಲ್ವೇನೇ? ತಿನ್ಬೇಡ, ಆದ್ರೆ ಎತ್ತು ಅಂದ್ರೆ ಯಾವ ನ್ಯಾಯ ಅದು?"

"ಅಮ್ಮ, ನಿನಗೆ ಗೊತ್ತಾಗಲ್ಲ ಬಿಡು."

"ಹೌದಮ್ಮ, ನನಗೇನು ಗೊತ್ತು. ಹೊಟ್ಟೆ ಹಸಿದ್ರೆ ಊಟ ಮಾಡ್ಬೇಕು ಅನ್ನೋದು ಒಂದೇ ಗೊತ್ತು." ಅಮ್ಮ ಹಲ್ಲಿನಿಂದ ದಾರ ಕಡಿದಳು. ಬೀದಿಯವರ ಬಟ್ಟೆಗಳನ್ನು ಹಿಡಿದು ಬಿಟ್ಟು ಮಾಡಿಕೊಡುವುದೇ ಅವಳ ಕಸುಬು. ದಪ್ಪಗಾದವರಿಗೆ ಹೊಲಿಗೆ ಬಿಡಬೇಕು, ತೆಳ್ಳಗಾದವರಿಗೆ ಹಿಡಿಯಬೇಕು. "ಎಷ್ಟೋ ಜನರ ಸೊಂಟ ನೋಡಿದೀನಿ. ಹಿಡಿದಿದ್ದನ್ನ ತಿರುಗಿ ಬಿಡೋಕೆ ಎಲ್ರೂ ಬಂದೇ ಬರ್ತಾರೆ."

ಈ ಮನೆಯವರಿಗೆ ಹಸಿವು ಹೊಸದಲ್ಲ. ಮಕ್ಕಳಿಬ್ಬರೂ ನೀರು ಕುಡಿದು ಮಲಗಿದ ಸಂಜೆಗಳು ಇದ್ದವು. ಆಗ ಅದನ್ನು ಯಾರೂ ಶಿಸ್ತು ಎಂದು ಕರೆದಿರಲಿಲ್ಲ. ಅದೇ ಹಸಿವಿಗೆ ಮೇಡಂ ಕೇಂದ್ರದಲ್ಲಿ ಬೆಲೆಯಿತ್ತು, ಹಾಸ್ಟೆಲ್ಲಿನಲ್ಲಿ ಹೊಗಳಿಕೆಯಿತ್ತು. ಬಡವರ ಮನೆಯಲ್ಲಿದ್ದಷ್ಟು ಕಾಲ ಮಾತ್ರ ಅದು ನಾಚಿಕೆಯ ವಸ್ತುವಾಗಿತ್ತು.

ತಿನ್ನದೆ, ಓಡಿ, ಐಸ್ ಚೀಪಿ ಉಗುಳಿ, ಗಟ್ಟಿ ಮೂರು ಕೆ.ಜಿ. ಇಳಿದಳು. ಆಮೇಲೆ ಮೈ ಹಟ ಹಿಡಿಯಿತು. ಆಯ್ಕೆಯ ದಿನ ಬೆಳಿಗ್ಗೆ ಹಾಸ್ಟೆಲ್ಲಿನಲ್ಲಿ ಐವತ್ತೊಂದರ ಮೇಲೆ ನಿಂತಿದ್ದಳು. ಇನ್ನುಳಿದದ್ದನ್ನು ನೀರಾಗಿ ಹಿಂಡಿ ತೆಗೆಯಬೇಕು. ಹಾಸ್ಟೆಲ್ಲಿನ ಬಿಸಿಕೋಣೆಗೆ ಬೀಗ, ಅಧ್ಯಕ್ಷನ ಕಡೆಯವರು ಬಂದರೆ ಮಾತ್ರ ಅದು ತೆರೆಯುವುದು. "ನಿನ್ನಕ್ಕ ಎಲ್ಲೋ ಹಬೆ ಹಾಕ್ತಾಳಂತಲ್ಲ," ಎಂದ ಕೋಚ್. "ಅಲ್ಲೇ ಹೋಗಿ ಬೇಯಿಸ್ಕೊಂಡು ಬಾ. ಸಂಜೆ ತೂಕ ನೋಡುವಾಗ ನಲವತ್ತೊಂಬತ್ತರ ಮೇಲೆ ಒಂದು ಗ್ರಾಂ ಇದ್ರೂ ನನ್ನ ಮುಖ ನೋಡ್ಬೇಡ."

ಅವತ್ತು ಕೇಂದ್ರಕ್ಕೆ ವಾರದ ರಜೆ. ಮುಂದಿನ ಕೋಣೆಯ ಬೀಗದ ಕೈ ಮೇಡಂ ಹತ್ತಿರ ಇತ್ತು. ಶುಚಿ ಮಾಡಲು ಬರುವ ಅಕ್ಕನ ಹತ್ತಿರ ಇದ್ದದ್ದು ಹಿಂಬಾಗಿಲಿನದು ಮಾತ್ರ. ಮಧ್ಯಾಹ್ನ ಇಬ್ಬರೂ ಹಿಂಬಾಗಿಲಿನಿಂದ ಒಳಗೆ ಬಂದರು. ಬಂದವಳೇ ಗಟ್ಟಿ ಮೆಷಿನ್ ಕಡೆ ನಡೆದಳು.

"ಈಗ ಬೇಡ," ಎಂದಳು ಅಕ್ಕ. "ಕೊನೆಗೆ ನೋಡೋಣ. ಈಗ ನೋಡಿದ್ರೆ ಧೈರ್ಯ ಹೋಗುತ್ತೆ."

ನಿಜವಾದ ಕಾರಣ ಬೇರೆ. ಆ ಮೆಷಿನ್ ಮೋಸದ್ದು ಎಂದು ಅವಳು ತಂಗಿಗೆ ಎಂದೂ ಹೇಳಿರಲಿಲ್ಲ. ಗಟ್ಟಿ ಊರಿಗೆಲ್ಲ ನಮ್ಮಕ್ಕ ಜನರನ್ನು ತೆಳ್ಳಗೆ ಮಾಡುತ್ತಾಳೆ ಎಂದು ಹೇಳಿಕೊಂಡು ತಿರುಗುತ್ತಿದ್ದಳು. ಅವಳೆದುರು ಬಾಯಿ ಹೇಗೆ ಬರುತ್ತದೆ? ಅಕ್ಕ ಲೆಕ್ಕ ಹಾಕಿಟ್ಟುಕೊಂಡಿದ್ದಳು. ಒಳಗಿನ ಮೆಷಿನ್ ನಲವತ್ತೆಂಟು ತೋರಿಸುವವರೆಗೆ ಬಿಡಬಾರದು. ತೋರಿಸಿದ ಮೇಲೆ, ಇದಕ್ಕೆ ಒಂದು ಸೇರಿಸಿಕೋ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಬೇಕು.

ಗಟ್ಟಿ ಮೈಗೆ ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡು, ಮೇಲೆ ಎರಡು ಸ್ವೆಟರ್ ಹಾಕಿಕೊಂಡು ಒಳಗೆ ಕೂತಳು. ಅಕ್ಕ ತಟ್ಟಿದಳು, ಗಟ್ಟಿ ತಟ್ಟಿದಳು. ಹೊರಗೆ ಬಂದು ಓಣಿಯಲ್ಲಿ ಹಗ್ಗ ಹಾರಿದಳು, ಮತ್ತೆ ಹೋದಳು. ಮೊದಲ ಸಲ ಬಂದಾಗ ಬೆವರು ಕಾಲಿನಿಂದ ಇಳಿದು ಚಪ್ಪಲಿಯಲ್ಲಿ ಪಚಪಚ ಎನ್ನುತ್ತಿತ್ತು. ಎರಡನೇ ಸಲ ಬಂದಾಗ ಅಕ್ಕ ಒದ್ದೆ ಬಟ್ಟೆಯನ್ನು ತುಟಿಗೆ ಒತ್ತಲು ಹೋದಳು. ಗಟ್ಟಿ ಕೈ ತಳ್ಳಿದಳು.

"ನೀರು ಮುಟ್ಟಿಸ್ಬೇಡ."

"ತುಟಿ ಒಡೆದು ರಕ್ತ ಬರ್ತಿದೆ ಕಣೇ."

"ಬರ್ಲಿ. ಅದೂ ತೂಕಾನೇ." ನಗಲು ಹೋದಳು, ನಾಲಿಗೆ ಅಂಗುಳಕ್ಕೆ ಅಂಟಿಕೊಂಡು ನಗು ಹೊರಗೆ ಬರಲಿಲ್ಲ.

ಮೂರನೇ ಸಲ ಅಕ್ಕ ತಟ್ಟಿದಾಗ ಒಳಗಿನಿಂದ ಸದ್ದಿಲ್ಲ. ಬಾಗಿಲು ತೆಗೆದರೆ ಬಿಳಿಯ ಹಬೆಯಲ್ಲಿ ಗಟ್ಟಿ ಗೋಡೆಗೊರಗಿ ಕೂತಿದ್ದಳು. ಅಕ್ಕ ಸ್ವೆಟರ್ ಒಳಗೆ ಕೈ ಹಾಕಿ ನೋಡಿದಳು. ಮೈ ಕೆಂಡ, ಆದರೆ ಒಣಗಿತ್ತು. ಬೆವರೇ ನಿಂತುಹೋಗಿತ್ತು. ಎಳೆದು ಹೊರಗೆ ತಂದಳು. ಕುತ್ತಿಗೆಯ ನರ ಬಲೆಯಲ್ಲಿ ಸಿಕ್ಕ ಹಕ್ಕಿಯ ಹಾಗೆ ಹೊಡೆದುಕೊಳ್ಳುತ್ತಿತ್ತು.

"ಎಷ್ಟಾಯ್ತು ನೋಡು," ಎಂದಳು ಗಟ್ಟಿ.

ಅಕ್ಕ ಅವಳ ಕಂಕುಳಿಗೆ ಕೈಕೊಟ್ಟು ಮೆಷಿನ್ ಮೇಲೆ ನಿಲ್ಲಿಸಿದಳು. ಕೆಂಪು ಅಂಕಿಗಳು ಅಲುಗಾಡಿ ನಿಂತವು. ನಲವತ್ತೊಂಬತ್ತು.

ಅಂದರೆ ಐವತ್ತು. ಇನ್ನೊಂದು ಕೆ.ಜಿ. ಇದೆ ಎಂದರೆ ಇವಳು ಸುಮ್ಮನಿರುವವಳಲ್ಲ, ತೆವಳಿಕೊಂಡಾದರೂ ಆ ಕೋಣೆಗೆ ಮತ್ತೆ ಹೋಗುತ್ತಾಳೆ. ಹೋದರೆ ಹೊರಗೆ ಬರುವುದು ಇವಳಲ್ಲ, ಇವಳ ಹೆಣ. ಅಕ್ಕ ಯೋಚಿಸುವುದರೊಳಗೆ ಅವಳ ಬಾಯಿ ಕೆಲಸ ಮುಗಿಸಿತ್ತು. ವಾರವಾರ ಟೀಚರಿಗೆ ಹೇಳುವ ಧ್ವನಿಯಲ್ಲೇ ಮಾತು ಬಂತು.

"ಬಂತು ನೋಡು. ಇಳಿದಿದೆ. ಸಾಕು."

ಗಟ್ಟಿ ಅಕ್ಕನ ಹೆಗಲಿಗೆ ಮುಖ ಒತ್ತಿದಳು. ಅಳುತ್ತಿದ್ದಳು, ಕಣ್ಣೀರು ಮಾತ್ರ ಇರಲಿಲ್ಲ.

ಬಸ್ಸಿನಲ್ಲಿ ಹೋಗುತ್ತ ಅಕ್ಕ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಅಲ್ಲಿನ ಮೆಷಿನ್ ಯಾರೋ ಹೊಂದಿಸಿದ್ದೇ ತಾನೆ. ಹಾಸ್ಟೆಲ್ಲಿನವರ ಕಡೆಗೇ ಹೊಂದಿಸಿರುತ್ತಾರೆ. ಅಷ್ಟು ದೊಡ್ಡ ಜಾಗದಲ್ಲಿ ಒಂದು ಕೆ.ಜಿ.ಗೆ ಕಣ್ಣು ಮುಚ್ಚುವವರು ಒಬ್ಬರಾದರೂ ಇರಲ್ವೇ? ಸುಳ್ಳು ತೂಕದ ನಡುವೆಯೇ ಕೂದಲು ಬೆಳ್ಳಗಾಗಲು ಹೊರಟವಳಿಗೆ ಬೇರೆ ಯಾವ ಲೆಕ್ಕ ಹೊಳೆದೀತು?

ಆಯ್ಕೆ ನಡೆಯುವ ಸಭಾಂಗಣದ ಮೆಷಿನನ್ನು ಮಾತ್ರ ಯಾರೂ ಹೊಂದಿಸಿರಲಿಲ್ಲ. ಪಟ್ಟಿ ಮೊದಲೇ ಬರೆದಾಗಿತ್ತು, ತೀರ್ಪುಗಾರರ ಊಟ ಅಧ್ಯಕ್ಷನ ಮನೆಯಲ್ಲಾಗಿತ್ತು, ಬಾಗಿಲಲ್ಲಿ ನಿಂತವನಿಗೂ ಯಾರನ್ನು ನೋಡಿ ನಗಬೇಕೆಂದು ಗೊತ್ತಿತ್ತು. ಅಷ್ಟು ಜನರ ನಡುವೆ ಯಾರ ಮಾತೂ ಕೇಳದೆ ನಿಜ ಹೇಳಿದ್ದು ಆ ಕಬ್ಬಿಣದ ತುಂಡೊಂದೇ. ಅದು ಐವತ್ತು ಎಂದಿತು.

ತೂಕ ನೋಡಲು ಒಂದು ಗಂಟೆಯ ಅವಧಿ ಇತ್ತು. ಅಷ್ಟರೊಳಗೆ ಎಷ್ಟು ಸಲ ಬೇಕಾದರೂ ನಿಲ್ಲಬಹುದು. ಗಟ್ಟಿ ಸ್ವೆಟರ್ ಹಾಕಿಕೊಂಡು ಮೆಟ್ಟಿಲು ಹತ್ತಿ ಇಳಿದಳು. ಉಗುಳಲೆಂದು ಚ್ಯೂಯಿಂಗ್ ಗಮ್ ಅಗಿದಳು, ಅದು ಹಲ್ಲಿನ ಮೇಲೆ ಒಣ ಮಣ್ಣಿನ ಹಾಗೆ ಪುಡಿಯಾಯಿತು. ಹಿಂಡಲು ಮೈಯಲ್ಲಿ ಏನೂ ಉಳಿದಿರಲಿಲ್ಲ. ಮೆಟ್ಟಿಲ ತಿರುವಿನಲ್ಲಿ ಮಂಡಿ ಕುಸಿದು ಕೂತವಳ ಮುಂದೆ ಕೋಚ್ ಬಂದು ನಿಂತ.

"ದಾರೀಲಿ ಏನು ಕುಡಿದೆ?"

"ಏನೂ ಇಲ್ಲ ಸರ್. ಅಲ್ಲಿ ಸರಿಯಾಗಿ ನಲವತ್ತೊಂಬತ್ತು ಇತ್ತು. ಅಕ್ಕ ನೋಡಿದಾಳೆ." ಗಟ್ಟಿ ಅಕ್ಕನ ಕಡೆ ತಿರುಗಿದಳು. "ಹೇಳು ಅಕ್ಕಾ ಸರ್‌ಗೆ. ನೀನೇ ನೋಡಿದೆಯಲ್ಲ."

ಇಲ್ಲ ಎಂದರೆ ತಂಗಿ ಸುಳ್ಳುಗಾರ್ತಿ. ನಿಜ ಹೇಳಿದರೆ ಇಲ್ಲಿ, ಈ ಮೆಟ್ಟಿಲ ಮೇಲೆ, ಇಷ್ಟು ಜನರೆದುರು, ಗಟ್ಟಿಯ ಮುಖ ಹೇಗಾಗುತ್ತದೋ ನೋಡಬೇಕು.

"ಹೌದು ಸರ್," ಎಂದಳು. "ನಲವತ್ತೊಂಬತ್ತೇ ಇತ್ತು."

"ಹಾಗಾದ್ರೆ ಆಯ್ತಲ್ಲ," ಎಂದ ಕೋಚ್, ಅಲ್ಲಿ ನಿಂತಿದ್ದ ಎಲ್ಲರಿಗೂ ಕೇಳುವಂತೆ. "ಅಲ್ಲಿ ನಲವತ್ತೊಂಬತ್ತು, ಇಲ್ಲಿ ಐವತ್ತು. ಬಸ್ಸಲ್ಲಿ ಕದ್ದು ಒಂದು ಬಾಟ್ಲಿ ನೀರು ಕುಡಿದಿದಾಳೆ. ಇವರಕ್ಕನೇ ಒಪ್ಕೊಂಡ್ಲು. ಶಿಸ್ತಿಲ್ಲದೋರನ್ನ ಕಟ್ಕೊಂಡು ನಾನು ಏನು ಮಾಡ್ಲಿ?"

ಅಕ್ಕ ಕಾಪಾಡಲೆಂದು ಹೇಳಿದ ಮಾತೇ ಉರುಳಾಯಿತು. ತಂಗಿಯ ಬಾಯಲ್ಲಿ ಹನಿ ನೀರಿರಲಿಲ್ಲ, ಕದ್ದು ಕುಡಿದವಳೆಂಬ ಹೆಸರು ಬಂತು. ಆ ವಾರವೇ ಹಾಸ್ಟೆಲ್ಲಿನಿಂದ ತೆಗೆದರು. ಐವತ್ತೈದರ ವರ್ಗದಲ್ಲಿ ಅಧ್ಯಕ್ಷನ ಅಣ್ಣನ ಮಗಳು ತಂಡಕ್ಕೆ ಸೇರಿದಳು. ಅವಳು ಅವತ್ತು ಎತ್ತಿದ ಭಾರವನ್ನು ಗಟ್ಟಿ ಅಭ್ಯಾಸಕ್ಕೆ ಎತ್ತುತ್ತಿದ್ದಳು. ಇದನ್ನು ಬರೆಯುವ ಪತ್ರಿಕೆ ಇರಲಿಲ್ಲ, ಕೇಳುವ ಕಚೇರಿಯೂ ಇರಲಿಲ್ಲ.

ಪೆಟ್ಟಿಗೆ ಹೊತ್ತು ಮನೆಗೆ ಬಂದ ಗಟ್ಟಿಗೆ ಅಮ್ಮ ಬಿಸಿ ಊಟ ಬಡಿಸಿದಳು. "ಈಗ್ಲಾದ್ರೂ ತಿನ್ನಮ್ಮ. ಈಗ ಯಾರೂ ತೂಕ ಕೇಳಲ್ಲ."

"ಹಸಿವಿಲ್ಲ ಅಮ್ಮ."

ಮಾರನೇ ದಿನವೂ ಇರಲಿಲ್ಲ. ಹೊಟ್ಟೆ ತುಂಬ ಉಣ್ಣಲೆಂದೇ ಹಾಸ್ಟೆಲ್ಲಿಗೆ ಹೋದವಳು ಹಸಿವನ್ನೇ ಕಳೆದುಕೊಂಡು ಬಂದಿದ್ದಳು. ತಟ್ಟೆಯ ಮುಂದೆ ಕೂತು ಎರಡು ತುತ್ತು ತಿನ್ನುವಳು, ಆಮೇಲೆ ಎದ್ದು ಮಣಿಕಟ್ಟನ್ನು ಇನ್ನೊಂದು ಕೈಯ ಹೆಬ್ಬೆಟ್ಟು ತೋರುಬೆರಳಿನಿಂದ ಸುತ್ತಿ ಅಳೆಯುವಳು.

ಸುಮ್ಮನೆ ಕೂರಬಾರದೆಂದು ಅಕ್ಕನೇ ಮೇಡಂ ಹತ್ತಿರ ಮಾತಾಡಿದಳು. ಮೇಡಂಗೆ ಖುಷಿಯೋ ಖುಷಿ. ಪದಕ ಗೆದ್ದ ಹುಡುಗಿ ಹೊಸಬರನ್ನು ಮೆಷಿನ್ ಮೇಲೆ ನಿಲ್ಲಿಸಿದರೆ ಅದರ ಗತ್ತೇ ಬೇರೆ. ಅಕ್ಕ ಎಲ್ಲ ಯೋಚಿಸಿದ್ದಳು. ಕೆಲಸಕ್ಕೆ ಸೇರಿದ ಹೊಸಬರಿಗೆ ಮೇಡಂ ಮೊದಲು ಏನು ಕಲಿಸುತ್ತಾಳೆ ಎನ್ನುವುದೊಂದನ್ನು ಬಿಟ್ಟು. ಅಲ್ಲ, ಯೋಚಿಸಿಯೇ ಇದ್ದಳೋ ಏನೋ. ತನ್ನ ಬಾಯಿಂದ ಹೊರಡದ್ದು ಇನ್ನೊಬ್ಬರ ಬಾಯಿಂದಲಾದರೂ ಹೊರಡಲಿ ಎಂದು.

ಮೊದಲ ದಿನ ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಗಟ್ಟಿ ಓಣಿಯ ಕೊನೆಗೆ ಬಂದಳು. ಅಕ್ಕ ಟವೆಲ್ ಮಡಚುತ್ತಿದ್ದಳು.

"ಇದು ಒಂದು ಕೆ.ಜಿ. ಕಡಿಮೆ ತೋರಿಸುತ್ತಂತೆ."

"ಹೌದು."

"ಅವತ್ತೂ ಗೊತ್ತಿತ್ತು ನಿನಗೆ."

"ಗೊತ್ತಿತ್ತು." ಅಕ್ಕ ಟವೆಲ್ ಕೆಳಗಿಟ್ಟಳು. "ನೀನು ಸಾಯ್ತಿದ್ದೆ ಕಣೇ. ನಾನು ತಟ್ಟಿದೆ, ನೀನು ತಟ್ಟಲಿಲ್ಲ."

"ಕೇಳಿಸ್ತು. ತಟ್ಟೋಕೆ ಅಂತ ಕೈ ಎತ್ತಿದ್ದೆ. ಅಷ್ಟರಲ್ಲಿ ನೀನು ಬಾಗಿಲು ತೆಗೆದೆ."

ಅದು ನಿಜವೋ, ಅವತ್ತಿನಿಂದ ಗಟ್ಟಿ ತನಗೆ ತಾನೇ ಹೇಳಿಕೊಂಡು ನಿಜವಾದದ್ದೋ, ತಿಳಿಯುವ ದಾರಿ ಇರಲಿಲ್ಲ.

"ಇನ್ನೊಂದು ಕೆ.ಜಿ. ಅಷ್ಟೆ," ಎಂದಳು ಗಟ್ಟಿ. ಕೂಗಲಿಲ್ಲ, ಬಯ್ಯಲಿಲ್ಲ. "ಅದು ನಂದು ಅಕ್ಕಾ. ಇಳಿಸೋದೋ ಬಿಡೋದೋ ನಾನು ಹೇಳ್ಬೇಕಿತ್ತು. ಕೋಚೂ ನನ್ನ ಕೇಳ್ಲಿಲ್ಲ, ನೀನೂ ಕೇಳ್ಲಿಲ್ಲ."

ಕೋಚ್ ಜೊತೆ ಒಂದೇ ಉಸಿರಿನಲ್ಲಿ ತನ್ನನ್ನು ಸೇರಿಸಿದ ಆ ಮಾತು ಅಕ್ಕನ ಎದೆಯಲ್ಲಿ ಮುರಿದ ಸೂಜಿಯ ಹಾಗೆ ಉಳಿದುಕೊಂಡಿತು. ಅಂದಿನಿಂದ ಗಟ್ಟಿ ಅಕ್ಕನ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ. ಮನೆಯಲ್ಲಿ ಅಮ್ಮ ಅವಳ ಅಂಗಿಗಳ ಹೊಲಿಗೆ ಹಿಡಿದಳು. ಮುಂದಿನ ತಿಂಗಳು ಮತ್ತೆ ಹಿಡಿದಳು. ಮೂರನೇ ಸಲ ಅಂಗಿಯಲ್ಲಿ ಹಿಡಿಯಲು ಬಟ್ಟೆಯೇ ಇಲ್ಲದೆ, ಬಿಚ್ಚಿ ಹೊಸದಾಗಿ ಕತ್ತರಿಸಿದಳು. ಆ ಹೊತ್ತಿಗೆ ಅಮ್ಮ ಊಟದ ಮಾತೆತ್ತುವುದನ್ನು ಬಿಟ್ಟಿದ್ದಳು.

ಒಂದು ದಿನ ಗಟ್ಟಿ ಹೊರಗಿನ ಮೆಷಿನ್ ಮೇಲೆ, ಹೆಚ್ಚು ತೋರಿಸುವ ಮೆಷಿನ್ ಮೇಲೆ, ನಲವತ್ತೊಂಬತ್ತಕ್ಕೆ ಇಳಿದಳು. ಯಾರಿಗೂ ಬೇಡವಾದ ಮೇಲೆ ಆ ಅಂಕಿ ತಾನಾಗಿ ಬಂದು ಅವಳ ಕಾಲಡಿ ನಿಂತಿತು. ಮೇಡಂ ಫೋಟೊ ತೆಗೆಸಿ, ಹಳೆಯದೊಂದು ಫೋಟೊದ ಪಕ್ಕ ಜೋಡಿಸಿ, ಬಾಗಿಲ ಬಳಿ ದೊಡ್ಡ ಹಲಗೆ ಹಾಕಿಸಿದಳು. ಎಡಗಡೆ 'ಮೊದಲು': ಕಬ್ಬಿಣದ ಸರಳನ್ನು ತಲೆಯ ಮೇಲೆತ್ತಿ, ಕಾಲೂರಿ ನಿಂತ ಗಟ್ಟಿ. ಬಲಗಡೆ 'ಈಗ': ಕೊರಳ ಎಲುಬು ಎದ್ದು ಕಾಣುವ, ಯಾರೋ ಒಬ್ಬಳು ಹುಡುಗಿ. ಜನ ನಿಂತು ನೋಡಿದರು, ಬಲಗಡೆಯವಳನ್ನು ಮೆಚ್ಚಿಕೊಂಡರು.

"ನಿನ್ನ ತಂಗಿ ಏನು ತಿಂತಾಳಮ್ಮ?" ಎಂದಳು ಟೀಚರ್, ಒಳಗಿನ ಮೆಷಿನ್ ಮೇಲಿಂದ. "ಗುಟ್ಟು ಮಾಡ್ಬೇಡ. ಒಂದು ಮಾತು ಹೇಳು, ನಾನೂ ಅದನ್ನೇ ತಿಂತೀನಿ."

"ಗೊತ್ತಿಲ್ಲ ಟೀಚರ್."

"ಮನೇಲಿರೋ ತಂಗಿ ಏನು ತಿಂತಾಳೆ ಅಂತ ಗೊತ್ತಿಲ್ವಾ? ಜಿಪುಣಿ ಕಣೇ ನೀನು." ಟೀಚರ್ ಅಂಕಿ ನೋಡಿದಳು. "ಇಳಿದಿದೀನಾ?"

"ಇಳಿದಿದೀರ ಟೀಚರ್. ಮುಖದಲ್ಲೇ ಗೊತ್ತಾಗ್ತಿದೆ."

ಟೀಚರ್ ಹೋದ ಮೇಲೆ, ಗಿರಾಕಿಗಳೆಲ್ಲ ಹೋದ ಮೇಲೆ, ಗಟ್ಟಿ ದಿನವೂ ಮಾಡುವಂತೆ ಸ್ವೆಟರ್ ಹಾಕಿಕೊಂಡು ಬಂದು, ಅಕ್ಕನ ಮುಖ ನೋಡದೆ ಹಬೆಕೋಣೆಯೊಳಗೆ ಹೋಗಿ ಬಾಗಿಲು ಎಳೆದುಕೊಂಡಳು. ಗಾಜು ಬೆಳ್ಳಗಾಯಿತು. ಅಕ್ಕ ಎರಡು ಸಲ ತಟ್ಟಿದಳು. ಒಳಗಿನಿಂದ ಕೂಡಲೇ ಎರಡು ಸಲ ಸದ್ದು ಬಂತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತಟ್ಟಿದಳು. ಮತ್ತೆ ಬಂತು, ಈ ಸಲ ಮೆಲ್ಲಗೆ. ಸದ್ದು ಬಂದ ಮೇಲೆ ಬಾಗಿಲು ತೆಗೆಯುವಂತಿಲ್ಲ. ಗಟ್ಟಿ ಅದನ್ನು ಚೆನ್ನಾಗಿ ಕಲಿತಿದ್ದಳು, ಇನ್ನೆಂದೂ ತಟ್ಟಲು ತಡಮಾಡುವವಳಲ್ಲ. ಅಕ್ಕ ಗಾಜಿಗೆ ಕಿವಿಗೊಟ್ಟು, ಕೈಯಲ್ಲಿ ಒಣ ಟವೆಲ್ ಹಿಡಿದು, ಒಂದೇ ಒಂದು ಸಲ ಸದ್ದು ಬಾರದಿರಲಿ ಎಂದು ಕಾಯುತ್ತ ನಿಂತಳು.